ಕರಿಕಲ್ಲು, ಪಟ್ಟೆಕಲ್ಲು ಮತ್ತು ಶಿಲಾಗ್ರಹಗಳು

ಭೂಗೋಳದ ಪಾಠದಲ್ಲಿ ಗ್ರಹಗಳ ಹೆಸರನ್ನು ಒಂದು ಅಧ್ಯಾಯದಲ್ಲಿಯೂ ಕಲ್ಲುಮಣ್ಣುಗಳ ಹೆಸರನ್ನು ಬೇರೊಂದು ಅಧ್ಯಾಯದಲ್ಲಿಯೂ ಕಲಿಸುವುದು ವಾಡಿಕೆ. ಒಂದು ಆಕಾಶದ ವಿಷಯ, ಮತ್ತೊಂದು ಕಾಲಡಿಯ ವಿಷಯ. ಇವೆರಡಕ್ಕೂ ನಂಟಿರುವುದೆಂದು ಬಾಲಕಿಯರಿಗೆ ತೋರುವುದೇ ಅಪೂರ್ವ. ಇಲ್ಲಿ ಓದಿ ಈಗ ಸಂಸಾರವಂದಿಗರಾಗಿರುವ ನಮ್ಮ ಸೋದರಿಯರು ಬುಧ, ಶುಕ್ರ, ಭೂಮಿ, ಅಂಗಾರಕ ಎಂಬ ಸಾಲನ್ನು ಈಗಲೂ ತಪ್ಪದೆ ಒಪ್ಪಿಸಬಲ್ಲರು. ಆದರೆ ಈ ನಾಲ್ಕೂ ಕಲ್ಲಿನಿಂದಾದ ಗ್ರಹಗಳೆಂಬುದನ್ನೂ, ಅವುಗಳಲ್ಲಿ ಒಂದರ ಮೇಲೆ ನಾವೇ ಪ್ರತಿದಿನವೂ ನಡೆದಾಡುತ್ತಿರುವೆವೆಂಬುದನ್ನೂ ಒಟ್ಟಿಗೆ ನೆನೆಯುವವರು ಕೆಲವರೇ. ಆದುದರಿಂದ ಈ ಎರಡು ಅಧ್ಯಾಯಗಳನ್ನೂ ಸೇರಿಸಿ ಹೊಲಿಯುವ ಯತ್ನವನ್ನು ನಾವು ಇಲ್ಲಿ ಮಾಡುವೆವು. ಉದಾಹರಣೆಗಳಿಗಾಗಿ ದೂರ ಹೋಗಬೇಕಾದುದಿಲ್ಲ. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ತಾಲೂಕುಗಳಲ್ಲಿ ದೊರೆಯುವ ಎರಡು ಕಲ್ಲುಗಳೇ ಸಾಕು.

ಮೊದಲನೆಯದು ಪಟ್ಟೆಕಲ್ಲು. ಬೂದುಬಣ್ಣದ ಮೈಮೇಲೆ ಬಿಳಿಯ ಮತ್ತು ಕಪ್ಪಿನ ಪಟ್ಟೆಗಳು ಸೀರೆಯ ಅಂಚಿನಂತೆ ಓಡಿರುವ ಕಲ್ಲು ಇದು. ಚಪ್ಪಡಿ, ಬೇಲಿಯ ಕಂಬ, ಮನೆಯ ಮೆಟ್ಟಿಲು, ರಸ್ತೆಯ ಜಲ್ಲಿ ಎಲ್ಲವೂ ಇದರಿಂದಲೇ ಆಗುವುವು. ಶಾಸ್ತ್ರಜ್ಞರು ಇದನ್ನು ನೈಸ್ ಎನ್ನುವರು. ಮೈಸೂರು ಸೀಮೆಯ ಬಹುಭಾಗಕ್ಕೆ ಇದೇ ತಳಹದಿಯಾಗಿರುವುದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ಜಾತಿಯದು. ಇದರ ವಯಸ್ಸು ಮುನ್ನೂರು ಕೋಟಿ ವರ್ಷಗಳ ಆಚೀಚೆ. ಒಂದು ಚೂರನ್ನು ಬಿಸಿಲಿಗೆ ಹಿಡಿದು ನೋಡಿದರೆ ಗಾಜಿನಂತಹ ಬೆಣಚು, ಹಾಲುಬಿಳುಪಿನ ಫೆಲ್ಡ್‌ಸ್ಪಾರ್, ಮಿರುಗುವ ಕಪ್ಪು ಕಾಗೆಬಂಗಾರ ಈ ಮೂರೂ ಕಣ್ಣಿಗೇ ಕಾಣುವುವು.

ಎರಡನೆಯದು ಚಾಮರಾಜನಗರದ ಹೆಸರನ್ನು ಹೊರದೇಶಗಳಿಗೆ ಕೊಂಡೊಯ್ದ ಕರಿಕಲ್ಲು. ವ್ಯಾಪಾರಿಗಳು ಇದನ್ನು ಬ್ಲ್ಯಾಕ್ ಗ್ರಾನೈಟ್ ಎಂದು ಕರೆಯುವರು. ಶಾಸ್ತ್ರದ ಪ್ರಕಾರ ಇದು ಗ್ರಾನೈಟೇ ಅಲ್ಲ. ಇದರ ಹೆಸರು ಡಾಲರೈಟ್. ಪಟ್ಟೆಕಲ್ಲು ಗಟ್ಟಿಯಾಗಿ ಬಹುಕಾಲ ಕಳೆದ ಮೇಲೆ ಅದು ಬಿರುಕುಬಿಟ್ಟಿತು. ಆ ಬಿರುಕುಗಳೊಳಗೆ ಭೂಮಿಯ ಆಳದಿಂದ ಕರಗಿದ ಕಲ್ಲು ಮೇಲೇರಿ ಬಂದು ಅಲ್ಲಿಯೇ ಹೆಪ್ಪುಗಟ್ಟಿ ನಿಂತಿತು. ಆದಕಾರಣವೇ ಹೊಲಗಳ ನಡುವೆ ಕರಿಯ ಗುಂಡುಗಳು ಯಾರೋ ಗೋಡೆಯೆಬ್ಬಿಸಲು ಸಾಲಾಗಿ ಇಟ್ಟಂತೆ ನೇರವಾಗಿ ಹೋಗಿರುವುದು ಕಾಣಬರುತ್ತದೆ. ಇದರಲ್ಲಿ ಮುಖ್ಯವಾದ ಖನಿಜಗಳು ಎರಡೇ. ಪೈರಾಕ್ಸೀನ್ ಎಂಬುದು ಕಬ್ಬಿಣವೂ ಮೆಗ್ನೀಸಿಯಮ್ಮೂ ಸೇರಿದ ಕಪ್ಪು ಖನಿಜ. ಪ್ಲಾಜಿಯೋಕ್ಲೇಸ್ ಎಂಬುದು ಸುಣ್ಣದ ಅಂಶವುಳ್ಳ ಒಂದು ಬಗೆಯ ಫೆಲ್ಡ್‌ಸ್ಪಾರ್. ಈ ಎರಡು ಹೆಸರುಗಳನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಮತ್ತೆ ಮತ್ತೆ ಬೇಕಾಗುವುವು.

ಎರಡು ಕಲ್ಲುಗಳನ್ನೂ ಕೈಯಲ್ಲಿ ಹಿಡಿದರೆ ಕರಿಕಲ್ಲು ಹೆಚ್ಚು ಭಾರವೆಂದು ತೋರುವುದು. ಅದು ಭ್ರಮೆಯಲ್ಲ. ಕಲ್ಲಿನ ಚೂರನ್ನು ದಾರದಿಂದ ತಕ್ಕಡಿಗೆ ತೂಗುಹಾಕಿ ಮೊದಲು ಗಾಳಿಯಲ್ಲಿಯೂ ಅನಂತರ ಪಾತ್ರೆಯ ನೀರಿನಲ್ಲಿ ಮುಳುಗಿಸಿಯೂ ತೂಗಬೇಕು. ಗಾಳಿಯಲ್ಲಿ ೩೦೦ ಗ್ರಾಂ ಇರುವ ಕರಿಕಲ್ಲು ನೀರಿನಲ್ಲಿ ಸುಮಾರು ೨೦೦ ಗ್ರಾಂ ತೂಗುವುದು. ಕಡಿಮೆಯಾದ ೧೦೦ರಿಂದ ೩೦೦ನ್ನು ಭಾಗಿಸಿದರೆ ೩ ಬರುವುದು. ಎಂದರೆ ಈ ಕಲ್ಲು ನೀರಿಗಿಂತ ಮೂರು ಪಾಲು ಸಾಂದ್ರವಾದುದು. ಪಟ್ಟೆಕಲ್ಲಿಗೆ ಹೀಗೆಯೇ ಮಾಡಿದರೆ ೨.೭ರ ಸುಮಾರು ಬರುವುದು. ಈಗ ಒಂದು ಆಶ್ಚರ್ಯವನ್ನು ಗಮನಿಸಿರಿ. ಇಡೀ ಭೂಮಿಯ ಸಾಂದ್ರತೆಯ ಲೆಕ್ಕ ೫.೫. ಮೇಲೆ ದೊರೆಯುವ ಕಲ್ಲುಗಳಾವುವೂ ಅಷ್ಟು ಭಾರವಿಲ್ಲದಿರುವುದರಿಂದ ಒಳಗೆ ಇವಕ್ಕಿಂತ ಬಹಳ ಭಾರವಾದುದೇನೋ ಇರಲೇಬೇಕು. ಅದು ಬಹುಮಟ್ಟಿಗೆ ಕಬ್ಬಿಣ. ಅಂಗಾರಕನ ಲೆಕ್ಕ ೩.೯; ಚಂದ್ರನದು ೩.೩, ನಮ್ಮ ಕರಿಕಲ್ಲಿಗಿಂತ ಸ್ವಲ್ಪವೇ ಹೆಚ್ಚು. ಚಂದ್ರನ ಒಡಲಲ್ಲಿ ಕಬ್ಬಿಣವು ಅಲ್ಪವೆಂಬುದು ಇಷ್ಟರಿಂದಲೇ ತಿಳಿಯುವುದು. ತಕ್ಕಡಿ, ದಾರ, ಒಂದು ಪಾತ್ರೆ ನೀರು ಇವುಗಳಿಂದ ಇಷ್ಟು ದೂರ ಯೋಚಿಸಬಹುದಾದರೆ ವಿಜ್ಞಾನದ ಪಾಠಕ್ಕೆ ಬೆಲೆಬಾಳುವ ಉಪಕರಣಗಳಿಲ್ಲವೆಂದು ಮರುಗಬೇಕಾದುದಿಲ್ಲವೆಂದು ನಮ್ಮ ಅಭಿಪ್ರಾಯ.

ಇನ್ನು ಕರಿಕಲ್ಲಿನ ಬಂಧುಬಳಗವನ್ನು ನೋಡೋಣ. ಕರಗಿದ ಕಲ್ಲು ಬಿರುಕಿನಲ್ಲಿಯೇ ನಿಲ್ಲದೆ ಮೇಲಕ್ಕೆ ಉಕ್ಕಿ ಹರಿದು ಗಟ್ಟಿಯಾದರೆ ಅದನ್ನು ಬಸಾಲ್ಟ್ ಎನ್ನುವರು. ವಿಜಯಪುರ, ಕಲಬುರಗಿಗಳ ಕಡೆಯ ಕರಿಯ ಬಂಡೆ ಇದೇ. ಹುಟ್ಟಿದ ಸ್ಥಳ ಬೇರೆಯಾದರೂ ದ್ರವ್ಯ ಒಂದೇ. ೧೯೬೯ರಲ್ಲಿ ಅಪೊಲೊ ೧೧ರ ಯಾತ್ರಿಕರು ಚಂದ್ರನ ಕಪ್ಪು ಬಯಲಿನಿಂದ ತಂದ ಕಲ್ಲುಗಳಲ್ಲಿ ಬಸಾಲ್ಟ್ ಇತ್ತು. ೧೯೮೨ರಲ್ಲಿ ರಷ್ಯನರ ವೆನೆರಾ ೧೩ ಮತ್ತು ೧೪ ಎಂಬ ಯಂತ್ರಗಳು ಕುಲುಮೆಯಂತೆ ಕಾದಿರುವ ಶುಕ್ರನ ನೆಲಕ್ಕಿಳಿದು ಅಲ್ಪಕಾಲದಲ್ಲಿಯೇ ಕಲ್ಲನ್ನು ಕೊರೆದು ಪರೀಕ್ಷಿಸಿ ಅಲ್ಲಿಯೂ ಬಸಾಲ್ಟಿನ ಜಾತಿಯೇ ಇರುವುದೆಂದು ತಿಳಿಸಿದುವು. ಅಂಗಾರಕನ ಕಥೆಯಂತೂ ನಮ್ಮ ದೇಶದೊಡನೆಯೇ ಹೆಣೆದುಕೊಂಡಿರುವುದು.

೧೮೬೫ನೆಯ ಆಗಸ್ಟ್ ೨೫ರಂದು ಬಿಹಾರದ ಗಯಾ ಸೀಮೆಯ ಷೇರ್‌ಘಾಟಿಯ ಬಳಿ ಆಕಾಶದಿಂದ ಸುಮಾರು ೫ ಕಿಲೋ ತೂಕದ ಕಲ್ಲೊಂದು ಬಿದ್ದಿತು. ಅದನ್ನು ಪರೀಕ್ಷಿಸಿದವರಿಗೆ ಅದರಲ್ಲಿ ಪೈರಾಕ್ಸೀನೂ, ಏಟಿನ ರಭಸಕ್ಕೆ ಗಾಜಾಗಿ ಮಾರ್ಪಟ್ಟ ಪ್ಲಾಜಿಯೋಕ್ಲೇಸೂ ಕಂಡುಬಂದುವು. ಚಾಮರಾಜನಗರದ ಕರಿಕಲ್ಲಿನ ಎರಡು ಖನಿಜಗಳೇ ಅಲ್ಲವೆ! ಈ ಕಲ್ಲು ಹೆಪ್ಪುಗಟ್ಟಿ ಇಪ್ಪತ್ತು ಕೋಟಿ ವರ್ಷಗಳೂ ಆಗಿಲ್ಲವೆಂದು ಮುಂದೆ ಗೊತ್ತಾಯಿತು. ಆಕಾಶದ ಸಣ್ಣ ಪುಟ್ಟ ಬಂಡೆಗಳೆಲ್ಲ ನಾನೂರೈವತ್ತು ಕೋಟಿ ವರ್ಷಗಳ ಹಿಂದೆಯೇ ತಣ್ಣಗಾದುವು. ಅಷ್ಟು ಈಚೆಗೆ ಕಲ್ಲನ್ನು ಕರಗಿಸುವ ಬಿಸಿಯು ಒಂದು ದೊಡ್ಡ ಗ್ರಹದಲ್ಲಲ್ಲದೆ ಬೇರೆಲ್ಲಿ ಉಳಿದೀತು? ೧೯೭೬ರಲ್ಲಿ ವೈಕಿಂಗ್ ಯಂತ್ರಗಳು ಅಂಗಾರಕನ ಮೇಲಿಳಿದು ಅಲ್ಲಿಯ ಗಾಳಿಯಲ್ಲಿ ಯಾವ ಯಾವ ಅನಿಲಗಳು ಎಷ್ಟೆಷ್ಟು ಇವೆಯೆಂಬುದನ್ನು ಅಳೆದುವು. ಷೇರ್‌ಘಾಟಿಯ ಕಲ್ಲಿನ ಕುಲಕ್ಕೆ ಸೇರಿದ ಮತ್ತೊಂದು ಕಲ್ಲು ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿತ್ತು. ಅದರ ಗಾಜಿನೊಳಗೆ ಸೆರೆಯಾಗಿದ್ದ ಗಾಳಿಯನ್ನು ಬಿಡಿಸಿ ನೋಡಲು ಅದು ಅಂಗಾರಕನ ಗಾಳಿಯೊಡನೆ ಸರಿಹೋಯಿತು. ಇದು ೧೯೮೩ರಲ್ಲಿ ಪ್ರಕಟವಾಯಿತು. ಹೀಗೆ ಬಿಹಾರದ ಕಲ್ಲಿನ ತವರುಮನೆ ಯಾವುದೆಂಬುದು ಅದು ಬಿದ್ದು ನೂರಹದಿನೆಂಟು ವರ್ಷಗಳಾದ ಮೇಲೆ ಸ್ಥಿರವಾಯಿತು. ತವರಿಗೆ ಮರಳಿದ ಕಲ್ಲೂ ಒಂದುಂಟು: ಒಮನ್ ದೇಶದ ಮರುಭೂಮಿಯಲ್ಲಿ ೧೯೯೯ರಲ್ಲಿ ದೊರೆತ ಅಂಗಾರಕದ ಕಲ್ಲಿನ ಚೂರೊಂದನ್ನು, ೨೦೨೧ರ ಫೆಬ್ರವರಿಯಲ್ಲಿ ಅಲ್ಲಿಗಿಳಿದ ಪರ್ಸಿವಿಯರೆನ್ಸ್ ಎಂಬ ಯಂತ್ರದ ಬಂಡಿಯು ತನ್ನ ಉಪಕರಣಗಳನ್ನು ಸರಿನೋಡಿಕೊಳ್ಳಲು ಸಂಗಡ ಕೊಂಡೊಯ್ದಿತು.

ಹಾಗಾದರೆ ಪಟ್ಟೆಕಲ್ಲು? ನಮ್ಮ ಮಟ್ಟಿಗೆ ಇದೇ ಈ ಪಾಠದ ತಿರುಳು. ಕರಿಕಲ್ಲಿಗೆ ಲೋಕಲೋಕಗಳಲ್ಲಿ ನೆಂಟರಿರುವರು. ಬೇಲಿಯ ಕಂಬಕ್ಕೂ ಜಲ್ಲಿಗೂ ಅಗ್ಗವಾಗಿ ಮಾರಾಟವಾಗುವ ಪಟ್ಟೆಕಲ್ಲಿಗೆ ಬೇರೆ ಗ್ರಹಗಳಲ್ಲಿ ನೆಂಟರು ಬಹಳ ಅಪೂರ್ವ. ಇದರ ಕಾರಣವು ನೀರು. ಒಣಗಿದ ಕಲ್ಲಿಗಿಂತ ನೀರು ಹೀರಿದ ಕಲ್ಲು ಕಡಿಮೆ ಶಾಖಕ್ಕೇ ಕರಗತೊಡಗುವುದು. ಆದಿಯಲ್ಲಿ ಭೂಮಿಯ ಮೇಲೂ ಬಸಾಲ್ಟಿನ ಹೊದಿಕೆಯೇ ಹೆಚ್ಚಾಗಿತ್ತು. ಆ ಹೊದಿಕೆಯು ನೀರಿನಲ್ಲಿ ನೆನೆದು ಆಳಕ್ಕೆ ಸೇರಿ ಅರೆಬರೆಯಾಗಿ ಕರಗಿದಾಗ ಅದರಲ್ಲಿಯ ಹಗುರವಾದ, ಬೆಣಚಿನ ಅಂಶ ಹೆಚ್ಚಾದ ಭಾಗವು ಹಾಲಿನ ಮೇಲಿನ ಕೆನೆಯಂತೆ ಬೇರ್ಪಟ್ಟು ಮೇಲಕ್ಕೆ ಬಂದಿತು. ಈ ಕೆಲಸವು ಕೋಟ್ಯಂತರ ವರ್ಷಗಳ ಕಾಲ ಮತ್ತೆ ಮತ್ತೆ ನಡೆದುದರ ಫಲವೇ ಪಟ್ಟೆಕಲ್ಲು. ಅದು ಹಗುರವಾದುದರಿಂದಲೇ ಭೂಖಂಡಗಳು ಸಮುದ್ರದ ತಳಕ್ಕಿಂತ ಎತ್ತರದಲ್ಲಿ ತೇಲಿನಿಂತಿವೆ. ೨.೭ಕ್ಕೂ ೩ಕ್ಕೂ ಇರುವ ಆ ಅಲ್ಪ ಅಂತರದಲ್ಲಿ ನಾವು ಮನೆಕಟ್ಟಿಕೊಂಡಿರುವ ಒಣನೆಲವೆಲ್ಲವೂ ಅಡಗಿದೆ.

ಇಲ್ಲಿ ಮತ್ತೊಂದು ಮಾತನ್ನು ಸೇರಿಸಬೇಕು. ಕರ್ನಾಟಕದ ನೆಲವು ಸಮನಾಗಿ ಸವೆದಿಲ್ಲ. ಅದು ಓರೆಯಾಗಿ ಮೇಲೆದ್ದು ದಕ್ಷಿಣದ ಕಡೆ ಹೆಚ್ಚಾಗಿ ಸವೆದಿದೆ. ಆದಕಾರಣ ಚಿತ್ರದುರ್ಗದ ಕಡೆಯಿಂದ ಹೊರಟು ಬಿಳಿಗಿರಿರಂಗನ ಬೆಟ್ಟಕ್ಕೆ ಬರುವವನು ಕಣ್ಣಿಗೆ ಬೆಟ್ಟವನ್ನು ಹತ್ತಿದರೂ ಶಿಲೆಗಳ ಲೆಕ್ಕದಲ್ಲಿ ಭೂಮಿಯೊಳಕ್ಕೆ ಇಳಿದಂತಾಗುವುದು. ಬಿಳಿಗಿರಿರಂಗನ ಬೆಟ್ಟದ ಹಸುರುಛಾಯೆಯ ಎಣ್ಣೆಗಪ್ಪು ಕಲ್ಲು ಒಂದು ಕಾಲದಲ್ಲಿ ಅನೇಕ ಮೈಲಿಗಳ ಆಳದಲ್ಲಿ ಬೆಂದ ಕಲ್ಲು. ಅದಕ್ಕೆ ಚಾರ್ನೊಕೈಟ್ ಎಂದು ಹೆಸರು. ಈ ಹೆಸರು ಬಂದುದು ಒಂದು ಗೋರಿಕಲ್ಲಿನಿಂದ. ಕಲ್ಕತ್ತೆಯ ಸೇಂಟ್ ಜಾನ್ ದೇವಾಲಯದ ಅಂಗಳದಲ್ಲಿರುವ ಜಾಬ್ ಚಾರ್ನಾಕನ ಸಮಾಧಿಯ ಕಲ್ಲನ್ನು ಹಾಲೆಂಡ್ ಎಂಬ ಭೂಗರ್ಭಶಾಸ್ತ್ರಜ್ಞರು ೧೮೯೩ರಲ್ಲಿ ವರ್ಣಿಸಿ, ಮದರಾಸಿನ ಕಡೆಯ ಆ ಶಿಲೆಗೆ ಆತನ ಹೆಸರನ್ನೇ ಇಟ್ಟರು. ಮೈಸೂರಿನ ಇದೇ ಜಾತಿಯ ಕಲ್ಲುಗಳ ಮೇಲೆ ಮೈಸೂರು ಭೂಗರ್ಭ ಇಲಾಖೆಯ ಬಿ. ರಾಮರಾಯರು ೧೯೪೫ರಲ್ಲಿ ಒಂದು ಗ್ರಂಥವನ್ನೇ ಹೊರಡಿಸಿದರು.

ಇಷ್ಟೆಲ್ಲ ಕಲ್ಲನ್ನು ಕೈಯಲ್ಲಿ ಹಿಡಿದವರ ಮಾತಾಯಿತು. ಕೈಗೆ ನಿಲುಕದ ಲೋಕದ ಕಲ್ಲನ್ನು ಹೇಗೆ ತಿಳಿಯುವರು? ಮಕ್ಕಳಿಗೆ ಇದನ್ನು ಅಡಿಗೆಯ ಮನೆಯಲ್ಲಿಯೇ ತೋರಿಸಬಹುದು. ದೊಡ್ಡವರು ಹತ್ತಿರವಿದ್ದು ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪನ್ನು ಉದುರಿಸಿದರೆ ಜ್ವಾಲೆಯು ಹಳದಿಯಾಗಿ ಹೊಳೆಯುವುದು. ಅದು ಉಪ್ಪಿನಲ್ಲಿರುವ ಸೋಡಿಯಂ ಧಾತುವಿನ ಗುರುತು. ಪ್ರತಿಯೊಂದು ಧಾತುವಿಗೂ ಹೀಗೆ ತನ್ನದೇ ಬಣ್ಣದ ಸಹಿ ಇರುವುದು. ೨೦೨೩ನೆಯ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಇಳಿದಾಗ, ಪ್ರಜ್ಞಾನ್ ಎಂಬ ಬಂಡಿಯಲ್ಲಿದ್ದ ಒಂದು ಉಪಕರಣವು ಇದನ್ನೇ ಮಾಡಿತು. ಲೇಸರ್ ಕಿರಣದ ಮಿಂಚಿನಿಂದ ಮಣ್ಣಿನ ಕಣವನ್ನು ಕ್ಷಣಮಾತ್ರ ಉರಿಯುವ ಆವಿಯನ್ನಾಗಿ ಮಾಡಿ ಅದರ ಬಣ್ಣಗಳನ್ನು ಬಿಡಿಸಿ ನೋಡಿ, ಅಲ್ಯೂಮಿನಿಯಂ, ಸುಣ್ಣದ ಧಾತು, ಕಬ್ಬಿಣ, ಟೈಟೇನಿಯಂಗಳೊಡನೆ ಗಂಧಕವೂ ಅಲ್ಲಿರುವುದನ್ನು ತಿಳಿಸಿತು. ಈ ಉಪಕರಣವನ್ನು ತಯಾರಿಸಿದುದು ಬೆಂಗಳೂರಿನಲ್ಲಿ. ಅಹಮದಾಬಾದಿನಲ್ಲಿ ತಯಾರಾದ ಇನ್ನೊಂದು ಉಪಕರಣವು ಕ್ಷ-ಕಿರಣಗಳ ಸಹಾಯದಿಂದ ನೂರು ಮೀಟರಿನಷ್ಟು ಹಾದಿಯಲ್ಲಿ ೨೩ ಸಲ ಮಣ್ಣನ್ನು ಪರೀಕ್ಷಿಸಿತು. ಆ ಮಣ್ಣು ಬಹುಮಟ್ಟಿಗೆ ಅನಾರ್ಥೊಸೈಟ್ ಎಂಬ ಬೆಳ್ಳಗಿನ ಕಲ್ಲಿನ ಪುಡಿಯೆಂದು ಕಂಡುಬಂದಿತು. ಕರಿಕಲ್ಲಿನಲ್ಲಿರುವ ಎರಡು ಖನಿಜಗಳಲ್ಲಿ ಪ್ಲಾಜಿಯೋಕ್ಲೇಸ್ ಒಂದೇ ಬೇರ್ಪಟ್ಟು ರಾಶಿಯಾದರೆ ಆಗುವ ಕಲ್ಲು ಇದು. ಬಂಡಿಯನ್ನು ಕಳುಹಿಸುವ ಮೊದಲು ಬೆಂಗಳೂರಿನಲ್ಲಿ ಅದನ್ನು ಓಡಿಸಿ ನೋಡಲು ಚಂದ್ರನ ಮಣ್ಣಿಗೆ ಸಮನಾದ ಮಣ್ಣು ಬೇಕಾಯಿತು. ಅದು ದೊರೆತುದು ಚಾಮರಾಜನಗರದ ಪೂರ್ವಕ್ಕೆ, ಘಟ್ಟವನ್ನಿಳಿದು ಕಾವೇರಿಯನ್ನು ದಾಟಿದ ಮೇಲೆ ಸಿಗುವ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯಲ್ಲಿ.

ನೆಲಕ್ಕಿಳಿಯದೆ ಮೇಲಿನಿಂದಲೇ ನೋಡುವ ಕ್ರಮವೂ ಉಂಟು. ಸೂರ್ಯನ ಬೆಳಕು ಕಲ್ಲಿನ ಮೇಲೆ ಬಿದ್ದು ಹಿಂದಿರುಗುವಾಗ ಅದರ ಕೆಲವು ಬಣ್ಣಗಳನ್ನು ಖನಿಜಗಳು ನುಂಗಿಬಿಡುವುವು. ಯಾವ ಬಣ್ಣ ಕಾಣೆಯಾಯಿತೆಂಬುದರಿಂದ ನುಂಗಿದವರು ಯಾರೆಂದು ಊಹಿಸುವರು. ಆದರೆ ಬೆಳಕು ತಿಳಿಸುವುದು ಮೇಲಿನ ಕೂದಲೆಳೆಯಷ್ಟು ಪದರವನ್ನು ಮಾತ್ರ. ಅಂಗಾರಕನ ಮೈಯನ್ನು ಕಬ್ಬಿಣದ ತುಕ್ಕಿನ ಕೆಂಪು ಧೂಳು ಮುಸುಕಿರುವುದು. ಭೂಮಿಯನ್ನು ಮಣ್ಣೂ ಹಸುರೂ ಮುಸುಕಿರುವುವು. ಮುಸುಕನ್ನು ಕಂಡವರು ಮುಖವನ್ನು ಕಂಡಂತಾಗಲಿಲ್ಲ. ಆದುದರಿಂದ ಮೇಲಿನಿಂದ ಕಂಡುದನ್ನು ಕೆಳಗೆ ಯಾರಾದರೂ ಕೈಯಿಂದ ಮುಟ್ಟಿ ಸರಿಯೆಂದೋ ತಪ್ಪೆಂದೋ ಹೇಳಬೇಕು. ಭೂಮಿಯ ಮಟ್ಟಿಗೆ ಈ ಕೆಲಸ ನಡೆದಿರುವ ಸ್ಥಳಗಳಲ್ಲಿ ಗುಂಡ್ಲುಪೇಟೆ ತಾಲೂಕು ಒಂದು.

ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವ ದಾರಿಯಲ್ಲಿ, ಬಂಡೀಪುರದ ಕಾಡಿನೊಳಗೆ ಕೇರಳದ ಗಡಿಯ ಹತ್ತಿರ ಮೂಲೆಹೊಳೆ ಎಂಬ ಸ್ಥಳವಿದೆ. ಅಲ್ಲಿ ಒಂದು ಸಣ್ಣ ಹಳ್ಳಕ್ಕೆ ನೀರು ಬಸಿಯುವ ೪ ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚಾದ ನೆಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿದ್ವಾಂಸರೂ ಸೇರಿ ೨೦೦೩ರಿಂದ ಪರೀಕ್ಷಿಸತೊಡಗಿದರು. ಬಿದ್ದ ಮಳೆ ಎಷ್ಟು, ಹರಿದ ನೀರೆಷ್ಟು, ಆ ನೀರಿನಲ್ಲಿ ಕರಗಿ ಹೋದ ಕಲ್ಲೆಷ್ಟು ಎಂಬ ಲೆಕ್ಕವನ್ನು ಅವರು ಇಟ್ಟರು. ಗಟ್ಟಿಯಾದ ಪಟ್ಟೆಕಲ್ಲಿನ ಮೇಲೆ ಅಲ್ಲಿ ಸರಾಸರಿ ೧೭ ಮೀಟರ್ ದಪ್ಪದ ಕಳಿತ ಪದರವಿರುವುದು. ಅದರಲ್ಲಿ ಮಣ್ಣೆಂದು ಕರೆಯಬಹುದಾದುದು ಮೇಲಿನ ಎರಡು ಮೀಟರ್ ಮಾತ್ರ, ಉಳಿದುದು ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು. ಮಳೆಯ ನೀರು ಮಣ್ಣಿನೊಳಗಿನ ಇಂಗಾಲಾಮ್ಲವನ್ನು ಹೀರಿಕೊಂಡು ಫೆಲ್ಡ್‌ಸ್ಪಾರನ್ನು ಮೆಲ್ಲಮೆಲ್ಲನೆ ತಿಂದು ಜೇಡಿಯನ್ನು ಉಳಿಸುವುದು. ನಮ್ಮ ಅನ್ನವೆಲ್ಲ ಈ ಜೇಡಿಯಿಂದಲೇ ಬರುವುದು.

ಮೂಲೆಹೊಳೆಯಿಂದ ಪೂರ್ವಕ್ಕೆ ಬಂದ ಹಾಗೆಲ್ಲ ಮಳೆ ಕಡಿಮೆಯಾಗುವುದು. ಕರಗಿದ ಸುಣ್ಣವನ್ನು ತೊಳೆದೊಯ್ಯುವಷ್ಟು ನೀರಿಲ್ಲದೆ ಅದು ನೆಲದೊಳಗೇ ಗಂಟುಗಂಟಾಗಿ ಉಳಿಯುವುದು. ಗುಂಡ್ಲುಪೇಟೆಯ ಹೊಲಗಳಲ್ಲಿ ನೇಗಿಲಿಗೆ ಸಿಗುವ ಬಿಳಿಯ ಸುಣ್ಣದ ಹರಳುಗಳು ಇವೇ. ಹರಳನ್ನು ಕುಟ್ಟಿ ಪುಡಿಮಾಡಿ ನಿಂಬೆಹಣ್ಣಿನ ರಸವನ್ನು ಹಿಂಡಿದರೆ ನೊರೆಯುಕ್ಕುವುದು. ಸೆರೆಸಿಕ್ಕಿದ್ದ ಇಂಗಾಲಾಮ್ಲವು ಬಿಡುಗಡೆಯಾಗುವ ಬಗೆ ಅದು. ೨೦೦೮ರಲ್ಲಿ ಫೀನಿಕ್ಸ್ ಎಂಬ ಯಂತ್ರವು ಅಂಗಾರಕನ ಉತ್ತರಭಾಗದ ಮಣ್ಣಿನಲ್ಲಿ ಇದೇ ಸುಣ್ಣದ ದ್ರವ್ಯವನ್ನು ಸ್ವಲ್ಪಮಟ್ಟಿಗೆ ಕಂಡಿತು. ೨೦೧೨ರಲ್ಲಿ ಅಲ್ಲಿಗಿಳಿದ ಕ್ಯೂರಿಯಾಸಿಟಿ ಬಂಡಿಯು ಧೂಳುಮಣ್ಣಿನಲ್ಲಿ ಪ್ಲಾಜಿಯೋಕ್ಲೇಸ್, ಪೈರಾಕ್ಸೀನ್‌ಗಳನ್ನೂ, ಮರುವರ್ಷ ಕೆಸರು ಗಟ್ಟಿಯಾಗಿ ಆದ ಬಂಡೆಯನ್ನು ಕೊರೆದಾಗ ಅದರ ಐದನೆಯ ಒಂದು ಪಾಲಿನಷ್ಟು ಜೇಡಿಯನ್ನೂ ಕಂಡಿತು. ನೀರಿಲ್ಲದೆ ಜೇಡಿಯಾಗದು. ಅಲ್ಲಿ ಕೆರೆಯಿತ್ತು, ಒಣಗಿಹೋಯಿತು. ಇನ್ನೊಂದು ಪರೀಕ್ಷೆಯನ್ನು ಮಕ್ಕಳೇ ಮಾಡಬಹುದು: ಮಳೆಯ ಮರುದಿನ ಹಾದಿಯ ಕೊರಕಲಿನಲ್ಲಿ ಸೇರಿರುವ ಕರಿಯ ಮರಳಿಗೆ ಸೂಜಿಗಲ್ಲನ್ನು ಹಿಡಿದರೆ ಕೆಲವು ಕಣಗಳು ಅಂಟಿಕೊಳ್ಳುವುವು. ೧೯೭೬ರಲ್ಲಿ ವೈಕಿಂಗ್ ಯಂತ್ರಗಳೂ ಸೂಜಿಗಲ್ಲುಗಳನ್ನು ಕೊಂಡೊಯ್ದಿದ್ದುವು. ಅವಕ್ಕೂ ಅಂಗಾರಕನ ಮಣ್ಣು ಅಂಟಿತು.

ಮೂಲೆಹೊಳೆಯ ಕಾಡನ್ನು ಬಿಟ್ಟು ಬೇಸಾಯದ ನೆಲಕ್ಕೆ ಬಂದರೆ ಬೇರಂಬಾಡಿಯ ಸುತ್ತಣ ೮೪ ಚದರ ಕಿಲೋಮೀಟರಿನ ಪ್ರದೇಶವಿದೆ. ಕೃತಕ ಉಪಗ್ರಹಗಳು ಮೋಡವನ್ನೂ ತೂರಿಹೋಗುವ ರೇಡಿಯೋ ತರಂಗಗಳನ್ನು ನೆಲಕ್ಕೆಸೆದು, ಹಿಂದಿರುಗಿದ ತರಂಗದ ಬಲದಿಂದ ಮಣ್ಣಿನ ತೇವವನ್ನು ಅಂದಾಜುಮಾಡುವುವು. ಆ ಅಂದಾಜು ನಂಬತಕ್ಕುದೇ ಎಂಬುದನ್ನು ನೋಡಲು, ೨೦೧೨ರಲ್ಲಿ ಹಾರಿದ ನಮ್ಮ ರಿಸ್ಯಾಟ್-೧ ಮೊದಲಾದವು ಮೇಲೆ ಹಾದುಹೋಗುವ ದಿನಗಳಲ್ಲಿ ಕೆಳಗೆ ಸುಮಾರು ಐವತ್ತು ಹೊಲಗಳಲ್ಲಿ ಜನರು ನಡೆದುಹೋಗಿ ಮಣ್ಣಿನ ತೇವವನ್ನು ಅಳೆದರು. ಅರಿಸಿನ, ಜೋಳ, ಸೂರ್ಯಕಾಂತಿಗಳ ಸಾಲುಗಳ ನಡುವೆ ಬಗ್ಗಿ ಅಳೆದ ಆ ಅಂಕಿಗಳು ಆಕಾಶದ ಯಂತ್ರಕ್ಕೆ ಒರೆಗಲ್ಲಾದುವು.

ಇದು ವಿದ್ವಾಂಸರ ಕುತೂಹಲಕ್ಕೆ ಮಾತ್ರ ಸೇರಿದ ಮಾತಲ್ಲವೆಂಬುದನ್ನು ಗುಂಡ್ಲುಪೇಟೆಯ ಕಡೆಗೆ ಮಗಳನ್ನು ಕೊಟ್ಟ ತಂದೆತಾಯಿಗಳಿಗೆ ನಾವು ಹೇಳಬೇಕಾದುದಿಲ್ಲ. ೧೯೯೦ರಿಂದೀಚೆಗೆ ಆ ಕಡೆಯ ಬೇಸಾಯವು ಕೊಳವೆಬಾವಿಗಳನ್ನು ಬಹಳವಾಗಿ ನಂಬಿಕೊಂಡಿತು. ಕೊಳೆತ ಕಲ್ಲಿನ ಪದರವು ನೀರನ್ನು ಅರಳೆಯಂತೆ ಹಿಡಿದಿಡುವುದು; ಹಿಂದಿನವರ ತೆರೆದ ಬಾವಿಗಳಿಗೆ ನೀರು ಬರುತ್ತಿದ್ದುದು ಅದರಿಂದಲೇ. ಆ ಪದರ ಬರಿದಾದರೆ ಕೊಳವೆಯು ಅದರ ಕೆಳಗಿನ ಗಟ್ಟಿ ಪಟ್ಟೆಕಲ್ಲಿಗೆ ಇಳಿಯಬೇಕು. ಅಲ್ಲಿ ನೀರಿರುವುದು ಕೂದಲಿನಂತಹ ಬಿರುಕುಗಳಲ್ಲಿ. ಎಷ್ಟು ಆಳಕ್ಕಿಳಿದರೂ ಬಿರುಕು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಲಮಾಡಿ ಕೊರೆಸಿದ ಬಾವಿಯಲ್ಲಿ ಬರಿಯ ಕಲ್ಲುಹುಡಿ ಮೇಲೆದ್ದು ಬಂದ ಮನೆಗಳಲ್ಲಿ ಕೆಳಗಿನ ಕಲ್ಲು ಎಂತಹುದೆಂಬ ಪ್ರಶ್ನೆಯು ಪಾಠದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮಣ್ಣಿನ ತೇವವೆಷ್ಟು, ಅಡಿಯ ನೀರೆಷ್ಟು ಎಂಬುದನ್ನು ಮೊದಲೇ ತಿಳಿದರೆ ಯಾವ ಬೆಳೆಯನ್ನು ಇಡಬಹುದು, ಎಷ್ಟು ಎಕರೆಗೆ ನೀರುಣಿಸಬಹುದು ಎಂಬುದನ್ನಾದರೂ ಲೆಕ್ಕಹಾಕಬಹುದು.

ಕಲ್ಲುಗಣಿಗಳ ವಿಷಯದಲ್ಲಿಯೂ ಹಾಗೆಯೇ. ಕಲ್ಲಿನಲ್ಲಿ ಪಟ್ಟೆಗಳು ಯಾವ ಕಡೆಗೆ ಓರೆಯಾಗಿವೆ, ಬಿರುಕುಗಳು ಹೇಗೆ ಒಂದನ್ನೊಂದು ಕಡಿದಿವೆ ಎಂಬುದನ್ನು ಓದಬಲ್ಲವರು ಯಾವ ಗೋಡೆ ನಿಂತೀತು, ಯಾವುದು ಜಾರೀತು ಎಂಬುದನ್ನು ಮುಂದಾಗಿ ಹೇಳಬಲ್ಲರು. ೨೦೨೨ನೆಯ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲೂಕಿನ ಮಡಹಳ್ಳಿಯ ಬಳಿಯ ಕಲ್ಲುಗಣಿಯಲ್ಲಿ ಗುಡ್ಡ ಕುಸಿದು ಕೂಲಿಗೆ ಬಂದವರು ಪ್ರಾಣ ಕಳೆದುಕೊಂಡರು. ಗಣಿಗಳಿರುವ ಊರುಗಳ ಮಕ್ಕಳಿಗೆ ಭೂಗರ್ಭಶಾಸ್ತ್ರದ ಮೊದಲ ಪಾಠಗಳನ್ನು ಮನೆಯ ಹತ್ತಿರದ ಬಂಡೆಯ ಮೇಲೆಯೇ ಕಲಿಸಬೇಕೆಂದು ನಾವು ಬಯಸುವುದಕ್ಕೆ ಇದೂ ಒಂದು ಕಾರಣ.

ಕಲ್ಲುಗಳನ್ನು ಕೂಡಿಸಬೇಕೆಂದಿರುವ ಬಾಲಕಿಯರಿಗೆ ಒಂದು ಸೂಚನೆ. ಮುಷ್ಟಿಯಷ್ಟು ಚೂರು ಸಾಕು. ಹೊಸದಾಗಿ ಒಡೆದ ಮೈ ಇರಬೇಕು, ಏಕೆಂದರೆ ಹಳೆಯ ಮೈ ಬಿಸಿಲುಮಳೆಗೆ ಬಣ್ಣಗೆಟ್ಟಿರುವುದು. ನಡೆಯುತ್ತಿರುವ ಗಣಿಯೊಳಕ್ಕೆ ಹೋಗಕೂಡದು. ರಸ್ತೆಯ ಬದಿಯ ಜಲ್ಲಿಯ ರಾಶಿಯಲ್ಲಿಯೇ ಎರಡು ಮೂರು ಜಾತಿ ಸಿಗುವುವು, ಆದರೆ ಆ ಜಲ್ಲಿ ಯಾವ ಊರಿನಿಂದ ಬಂದಿತೆಂದು ವಿಚಾರಿಸಿಕೊಳ್ಳಬೇಕು. ಪ್ರತಿಯೊಂದು ಚೂರಿನ ಮೇಲೂ ಅಂಕೆಯನ್ನು ಅಂಟಿಸಿ, ಯಾವ ಊರು, ಯಾವ ಹೊಲದ ಬಳಿ, ಯಾವ ದಿನ ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಜೆಜಿರೊ ಎಂಬ ಕುಳಿಯಲ್ಲಿ ಪರ್ಸಿವಿಯರೆನ್ಸ್ ಬಂಡಿಯು ಕೊರೆದು ಕೊಳವೆಗಳಲ್ಲಿ ಮುಚ್ಚಿಟ್ಟಿರುವ ಅಂಗಾರಕದ ಕಲ್ಲುಗಳಿಗೂ ಇಂತಹುದೇ ಪಟ್ಟಿ ಉಂಟು: ಯಾವ ಬಂಡೆಯಿಂದ, ಯಾವ ದಿನ, ಎಷ್ಟು ಉದ್ದದ ತುಂಡು ಎಂದು.